ಮೂರು ರುಜು, ಒಂದು ಲೆಕ್ಕ

2024ರ ದಸರಾ ರಜೆಯಲ್ಲಿ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. 2001ನೆಯ ಇಸವಿಯಲ್ಲಿ ಎಸ್‌.ಎಸ್‌.ಎಲ್‌.ಸಿ. ಮುಗಿಸಿದವಳು. "ಹೆಸರು ಮಾತ್ರ ಬರೀಬೇಡಿ ಸಾರ್" ಎಂದು ಮೊದಲೇ ಕೇಳಿಕೊಂಡಿರುವುದರಿಂದ ಬರೆಯುವುದಿಲ್ಲ. ಆ ವರ್ಷದವರು ತಾವೇ ಊಹಿಸಿಕೊಂಡರೆ ಅದಕ್ಕೆ ನಾನು ಹೊಣೆಗಾರನಲ್ಲ. ಬೆಂಗಳೂರಿನ ಒಂದು ತಂತ್ರಾಂಶ ಸಂಸ್ಥೆಯಲ್ಲಿ ಅವಳದು ಈಗ ಸಾಕಷ್ಟು ದೊಡ್ಡ ಹುದ್ದೆ. ಹಬ್ಬಕ್ಕೆಂದು ತಾಯಿಯ ಮನೆಗೆ ಬಂದವಳು, ಅಲ್ಲಿ ಕರೆಂಟು ಹೋದ ಕಾರಣ ಲ್ಯಾಪ್‌ಟಾಪು ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು. ನಮ್ಮಲ್ಲಿ ಮಗ ಹಾಕಿಸಿಕೊಟ್ಟ ಯುಪಿಎಸ್ ಇದೆಯೆಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ.

ನಡುಮನೆಯ ಮೇಜಿನ ಮುಂದೆ ಕುಳಿತು ಅವಳು ಯಾರೊಡನೆಯೋ ಫೋನಿನಲ್ಲಿ ಮಾತನಾಡುತ್ತಿದ್ದಳು. ಕದ್ದು ಕೇಳುವ ಉದ್ದೇಶ ನನಗಿರಲಿಲ್ಲ. ಆದರೆ ಮೂವತ್ತೈದು ವರ್ಷ ತರಗತಿಯಲ್ಲಿ ಕೊನೆಯ ಬೆಂಚಿನ ಪಿಸುಮಾತನ್ನು ಕೇಳಿಸಿಕೊಂಡು ಪಳಗಿದ ಕಿವಿ ನಿವೃತ್ತಿಯಾದ ಮಾತ್ರಕ್ಕೆ ಸುಮ್ಮನಿರುವುದಿಲ್ಲ. "ಹತ್ತೊಂಬತ್ತು ದಿನ ಆಯ್ತು. ಎರಡು ಪ್ಲಸ್ ಒನ್ ಬಂದಿದೆ. ಒಂದು ಮೈನಸ್ ಟೂ ಇದೆ. ಹಾಗಾಗಿ ಮುಂದೆ ಹೋಗ್ತಿಲ್ಲ" ಎನ್ನುತ್ತಿದ್ದಳು.

ಗಣಿತದ ಮೇಷ್ಟರಾದವರು ಇಂಥ ಕಡೆ ಬಾಯಿ ಹಾಕದೆ ಇರುವುದು ಕಷ್ಟ. ಅವಳು ಫೋನು ಇಟ್ಟ ಕೂಡಲೇ, "ಒಂದು, ಒಂದು ಎರಡು; ಅದರಿಂದ ಎರಡು ಕಳೆದರೆ ಸೊನ್ನೆ. ಇದರಲ್ಲಿ ಹತ್ತೊಂಬತ್ತು ದಿನ ಯೋಚಿಸುವಂಥದ್ದು ಏನಿದೆಯಮ್ಮ?" ಎಂದೆ.

ಅವಳು ನಕ್ಕಳು. "ಇಲ್ಲಿ ಕೂಡೋ ಹಾಗಿಲ್ಲ ಸಾರ್, ಕಳೆಯೋ ಹಾಗೂ ಇಲ್ಲ."

ಕೂಡುವ ಹಾಗಿಲ್ಲದ ಅಂಕಿಗಳೆಂದರೆ ಏನೆಂದು ತಿಳಿಯುವ ಕುತೂಹಲ ಹುಟ್ಟಿತು. ನಮ್ಮ ಮನೆಯವರು ಕಾಫಿ, ಕೋಡುಬಳೆ ತಂದಿಟ್ಟರು. ಅವಳು ಹೇಳಿಕೊಟ್ಟಳು, ನಾನು ಕಲಿತೆ. ನಿಮ್ಮಲ್ಲಿ ಆ ವೃತ್ತಿಯಲ್ಲಿರುವವರಿಗೆ ಇದು ದಿನನಿತ್ಯದ ವಿಷಯ. ನನ್ನ ವಿವರಣೆ ನೋಡಿ ನಗು ಬಂದರೆ ನಕ್ಕುಬಿಡಿ. ನಾನು ಬರೆಯುತ್ತಿರುವುದು ಮುಖ್ಯವಾಗಿ ನಮ್ಮ ಬಂಧುಗಳಲ್ಲಿ ಮಕ್ಕಳು "ರಿವ್ಯೂ ಇದೆ" ಎಂದು ಊಟದ ಮಧ್ಯೆ ಎದ್ದು ಹೋಗುವುದನ್ನು ನೋಡಿ ಬೇಸರಪಡುವ ಹಿರಿಯರಿಗಾಗಿ.

ಗಣಕಯಂತ್ರಕ್ಕೆ ಬರೆಯುವ ಸೂಚನೆಗಳಿಗೆ ಕೋಡ್ ಎಂದು ಹೆಸರು. ಒಂದು ದೊಡ್ಡ ತಂತ್ರಾಂಶದಲ್ಲಿ ಲಕ್ಷಾಂತರ ಸಾಲುಗಳಿರುತ್ತವೆ, ನೂರಾರು ಜನ ಸೇರಿ ಬರೆಯುತ್ತಾರೆ. ಯಾರೋ ಒಬ್ಬರು ಹತ್ತು ಸಾಲು ತಿದ್ದಿದರೆಂದು ಇಟ್ಟುಕೊಳ್ಳಿ. ಆ ತಿದ್ದುಪಡಿ ನೇರವಾಗಿ ಮೂಲಪ್ರತಿಗೆ ಸೇರುವುದಿಲ್ಲ. ಮೊದಲು ಸಹೋದ್ಯೋಗಿಗಳು ಅದನ್ನು ಓದಿ ಒಪ್ಪಬೇಕು. ಹೀಗೆ ಓದಿಸುವುದಕ್ಕಾಗಿಯೇ ಪ್ರತ್ಯೇಕ ವ್ಯವಸ್ಥೆಗಳಿವೆ. ಅವಳ ಸಂಸ್ಥೆಯಲ್ಲಿ ಬಳಸುವುದರ ಹೆಸರು ಗೆರಿಟ್.

ಹೆಸರಿನ ಹಿಂದೆ ಒಂದು ಕಥೆಯಿದೆ. ಪೈಥಾನ್ ಎಂಬ ಗಣಕಭಾಷೆಯನ್ನು ರೂಪಿಸಿದ ಡಚ್ ದೇಶದ ಗೀಡೊ ವಾನ್ ರೊಸಮ್ 2006ರಲ್ಲಿ ಗೂಗಲ್ ಸಂಸ್ಥೆಯಲ್ಲಿದ್ದಾಗ ಇಂಥದೊಂದು ಪರಿಶೀಲನಾ ವ್ಯವಸ್ಥೆಯನ್ನು ಮಾಡಿ, ತಮ್ಮ ನಾಡಿನ ಚಿತ್ರಕಾರ ಮಾಂಡ್ರಿಯನ್ನನ ಹೆಸರಿಟ್ಟರು. 2008ರಲ್ಲಿ ಹೊರಗಿನವರಿಗೂ ದೊರೆಯುವಂತೆ ಮಾಡಿದ ಇನ್ನೊಂದಕ್ಕೆ ರೀಟ್‌ವೆಲ್ಡ್ ಎಂದು ಹೆಸರು. ಗೆರಿಟ್ ರೀಟ್‌ವೆಲ್ಡ್ (1888–1964) ಎಂಬಾತ ಕೆಂಪು, ನೀಲಿ ಹಲಗೆಗಳ ಕುರ್ಚಿಯೊಂದನ್ನು ಮಾಡಿ ಪ್ರಸಿದ್ಧನಾದ ಬಡಗಿ, ಅನಂತರ ವಾಸ್ತುಶಿಲ್ಪಿಯಾದವನು. ಆಂಡ್ರಾಯ್ಡ್ ಫೋನುಗಳ ತಂತ್ರಾಂಶಕ್ಕೆ ಒಗ್ಗುವಂತೆ ಶಾನ್ ಪಿಯರ್ಸ್ ಎಂಬವರು ಆ ರೀಟ್‌ವೆಲ್ಡನ್ನು ತಿದ್ದುತ್ತ ಹೋಗಿ, ಕೊನೆಗೆ 2009ರ ಹೊತ್ತಿಗೆ ಇಡಿಯಾಗಿ ಹೊಸದಾಗಿ ಬರೆದರು. ಮೊದಲನೆಯದಕ್ಕೆ ಮನೆತನದ ಹೆಸರಿದ್ದುದರಿಂದ ಇದಕ್ಕೆ ಆ ಬಡಗಿಯ ಸ್ವಂತ ಹೆಸರು. ಪಿಯರ್ಸ್ 2018ರಲ್ಲಿ ತೀರಿಕೊಂಡರು. ಪಾಠದ ನಡುವೆ ಇದೊಂದು ಉಪಕಥೆ. ಪರೀಕ್ಷೆಗೆ ಕೇಳುವುದಿಲ್ಲ, ಮರೆತರೂ ನಡೆಯುತ್ತದೆ.

ಈಗ ಅಂಕಿಗಳ ವಿಷಯ. ತಿದ್ದುಪಡಿಯನ್ನು ಬರೆದವರು ಯಾರು ಯಾರು ಓದಬೇಕೆಂದು ಪರಿಶೀಲಕರ ಹೆಸರುಗಳನ್ನು ಸೇರಿಸುತ್ತಾರೆ. ಪರಿಶೀಲಕರ ಮುಂದೆ ಐದು ಮತಗಳಿವೆ. +2 ಎಂದರೆ ನನಗೆ ಸರಿಯೆನಿಸಿದೆ, ಒಪ್ಪಿದ್ದೇನೆ. +1 ಎಂದರೆ ನನಗೆ ಸರಿಯೆನಿಸಿದೆ, ಆದರೆ ಒಪ್ಪಿಗೆ ಕೊಡಬೇಕಾದವರು ಬೇರೊಬ್ಬರು. ಸೊನ್ನೆ ಎಂದರೆ ಅಭಿಪ್ರಾಯವಿಲ್ಲ. −1 ಎಂದರೆ ಇದು ಈಗಿರುವಂತೆಯೇ ಸೇರದಿದ್ದರೆ ಒಳ್ಳೆಯದು. −2 ಎಂದರೆ ಇದು ಸೇರಕೂಡದು.

ಅವಳು "ಕೂಡೋ ಹಾಗಿಲ್ಲ" ಎಂದದ್ದು ಇದಕ್ಕೆ. ಹತ್ತು ಜನ +1 ಕೊಟ್ಟರೂ ಅದು +2 ಆಗುವುದಿಲ್ಲ. "ಬೇರೊಬ್ಬರು ಒಪ್ಪಲಿ" ಎಂದು ಹತ್ತು ಜನ ಹೇಳಿದರೆ ಒಪ್ಪಿದವರ ಸಂಖ್ಯೆ ಸೊನ್ನೆಯೇ. −1 ಎಷ್ಟು ಬಿದ್ದರೂ ಅವು ಸಲಹೆ ಮಾತ್ರ, ತಡೆಯಲ್ಲ. −2 ಒಂದೇ ಒಂದು ಬಿದ್ದರೆ ಎಷ್ಟು +2 ಇದ್ದರೂ ತಿದ್ದುಪಡಿ ಅಲ್ಲಿಯೇ ನಿಲ್ಲುತ್ತದೆ. +2 ಮತ್ತು −2 ಕೊಡುವ ಅಧಿಕಾರವನ್ನು ಯಾರಿಗೆ ಕೊಡಬೇಕೆಂದು ಆಯಾ ಯೋಜನೆಯವರು ತೀರ್ಮಾನಿಸುತ್ತಾರೆ. ಸಾಮಾನ್ಯವಾಗಿ ಎಲ್ಲರಿಗೂ ಕೊಡುವುದಿಲ್ಲ. ತನ್ನ ಬರಹಕ್ಕೆ ತಾನೇ +2 ಕೊಟ್ಟುಕೊಳ್ಳುವುದನ್ನು ಅನೇಕ ಕಡೆ ನಿಯಮದಿಂದ ತಡೆದಿದ್ದಾರೆ. ಇವೆಲ್ಲದರ ಜೊತೆಗೆ ಯಂತ್ರಕ್ಕೂ ಒಂದು ಮತವಿದೆ. ತಿದ್ದಿದ ತಂತ್ರಾಂಶವನ್ನು ಅದು ತಾನೇ ಓಡಿಸಿ, ಪರೀಕ್ಷೆಗಳನ್ನು ಮಾಡಿ, ಸರಿ ಅಥವಾ ತಪ್ಪು ಎಂದು ಗುರುತು ಹಾಕುತ್ತದೆ.

ನನಗೆ ಬಹಳ ಹಿಡಿಸಿದ ನಿಯಮ ಇನ್ನೊಂದು. ಪರಿಶೀಲಕರು ಹೇಳಿದಂತೆ ತಿದ್ದಿ ಹೊಸ ಪ್ರತಿ ಕಳುಹಿಸಿದರೆ ಹಳೆಯ ಪ್ರತಿಗೆ ಬಿದ್ದ ಒಪ್ಪಿಗೆಗಳು ಬಿದ್ದುಹೋಗುತ್ತವೆ. ಸಾರಾಂಶದ ಭಾಗದಲ್ಲಿ ಏನೂ ಬದಲಾಗದಿದ್ದರೆ ಉಳಿಸಿಕೊಳ್ಳುವಂತೆಯೂ ಏರ್ಪಡಿಸಬಹುದಂತೆ. ಬದಲಾಗಿದ್ದರೆ ಮತ್ತೆ ಓದಬೇಕು, ಮತ್ತೆ ಮತ ಹಾಕಬೇಕು. ನನ್ನ ನೋಟ್‌ಬುಕ್ಕುಗಳ ಕಾಲದಲ್ಲಿ ಒಮ್ಮೆ ಕೆಂಪು ಶಾಯಿಯಲ್ಲಿ "ನೋಡಿದೆ" ಎಂದು ಬರೆಸಿಕೊಂಡು, ಆಮೇಲೆ ಆ ಗುರುತಿನ ಮೇಲುಗಡೆ ಹೊಸ ಉತ್ತರ ತುರುಕುತ್ತಿದ್ದ ಮಹನೀಯರು ನಿಮ್ಮಲ್ಲಿಯೇ ಇದ್ದೀರಿ. ಅವರಿಗೆ ಈ ವ್ಯವಸ್ಥೆಯಲ್ಲಿ ಅವಕಾಶವಿಲ್ಲ. ಆದರೆ −2 ಮಾತ್ರ, ಸಾಮಾನ್ಯವಾಗಿ ಇರುವ ಏರ್ಪಾಡಿನಲ್ಲಿ, ಹೊಸ ಪ್ರತಿಗೂ ಅಂಟಿಕೊಂಡೇ ಬರುತ್ತದೆ. ಹಾಕಿದವರು ತಾವಾಗಿ ತೆಗೆಯುವವರೆಗೆ ಹೋಗುವುದಿಲ್ಲ.

"ಎಷ್ಟು ಜನರ ಹೆಸರು ಸೇರಿಸಿದ್ದೀಯೆ?" ಎಂದು ಕೇಳಿದೆ.

"ಆರು ಜನ ಸಾರ್."

"ಅಷ್ಟೇಕೆ?"

"ಯಾರಾದರೂ ನೋಡ್ತಾರೆ ಅಂತ."

ಈ "ಯಾರಾದರೂ" ಎಂಬ ಪದ ಕಿವಿಗೆ ಬಿದ್ದಾಗ ನನ್ನ ಕೈಯಲ್ಲಿದ್ದ ಕೋಡುಬಳೆ ಕೈಯಲ್ಲಿಯೇ ಉಳಿಯಿತು. ನನಗೆ 1997ನೆಯ ಇಸವಿಯ ಫೆಬ್ರವರಿ ತಿಂಗಳು ನೆನಪಿಗೆ ಬಂತು.

ಆಗ ನಮ್ಮ ತಾಲ್ಲೂಕಿನ ಕೆಲವು ಪ್ರೌಢಶಾಲೆಗಳು ಸೇರಿ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗೆ ಒಂದೇ ಪ್ರಶ್ನೆಪತ್ರಿಕೆ ಮಾಡುವ ಪದ್ಧತಿಯಿತ್ತು. ಒಬ್ಬರು ಬರೆಯುವುದು, ಮೂವರು ನೋಡಿ ರುಜು ಹಾಕುವುದು. ಆ ಸಲ ಗಣಿತದ ಪತ್ರಿಕೆ ಬರೆದವರು ನಮ್ಮೆಲ್ಲರಿಗಿಂತ ಹಿರಿಯರು, ತಪ್ಪಿಲ್ಲದವರೆಂದು ಹೆಸರಾದವರು. ಹಸ್ತಪ್ರತಿ ಮುದ್ರಣಾಲಯಕ್ಕೆ ಹೋಗಿ, ಅಚ್ಚಿನ ಕರಡು ಮೂವರು ಪರಿಶೀಲಕರಿಗೆ ಬರಬೇಕು. ಮೂರನೆಯವನು ನಾನು. ಸಂಜೆ ಐದೂವರೆಯ ಬಸ್ಸಿಗೆ ನಿಂತಿದ್ದಾಗ ಮುದ್ರಣಾಲಯದ ಹುಡುಗ ಸೈಕಲ್ ಮೇಲೆ ಬಂದು ಕರಡನ್ನು ಕೈಗಿತ್ತ. ಅದರ ಕೆಳಗಡೆ ಆಗಲೇ ಎರಡು ರುಜುಗಳಿದ್ದವು. ಎರಡೂ ನನಗೆ ಚೆನ್ನಾಗಿ ಪರಿಚಯವಿದ್ದ, ನಾನು ಗೌರವಿಸುತ್ತಿದ್ದ ರುಜುಗಳು. ಸೈಕಲ್ಲಿನ ಸೀಟಿನ ಮೇಲೆ ಕಾಗದವನ್ನು ಹರಡಿ, ಮೇಲಿಂದ ಕೆಳಕ್ಕೆ ಕಣ್ಣಾಡಿಸಿ, ಮೂರನೆಯ ರುಜು ಹಾಕಿ ಬಸ್ಸು ಹತ್ತಿದೆ. ಒಂದು ನಿಮಿಷ ಹಿಡಿದಿದ್ದರೆ ಹೆಚ್ಚು.

ನಾಲ್ಕು ಅಂಕದ ಒಂದು ಪ್ರಶ್ನೆ ಹೀಗಿತ್ತು: ಒಂದು ಆಯತಾಕಾರದ ತೋಟದ ಸುತ್ತಳತೆ 40 ಮೀಟರ್, ವಿಸ್ತೀರ್ಣ 120 ಚದರ ಮೀಟರ್, ಅದರ ಉದ್ದ ಮತ್ತು ಅಗಲಗಳನ್ನು ಕಂಡುಹಿಡಿಯಿರಿ. ಹಸ್ತಪ್ರತಿಯಲ್ಲಿದ್ದದ್ದು 44. ಸುತ್ತಳತೆ 44 ಆದರೆ ಉದ್ದ 12, ಅಗಲ 10, ಸುಂದರವಾದ ಲೆಕ್ಕ. 40 ಆದರೆ ಅಂಥ ತೋಟ ಭೂಮಿಯ ಮೇಲೆ ಇರುವುದು ಸಾಧ್ಯವಿಲ್ಲ. ವರ್ಗ ಸಮೀಕರಣ ಬರೆದು ಶೋಧಕ ಕಂಡುಹಿಡಿದರೆ 400ರಿಂದ 480 ಕಳೆಯಬೇಕಾಗಿ −80 ಬರುತ್ತದೆ. ಅಚ್ಚಿನಮನೆಯಲ್ಲಿ ಒಂದು ನಾಲ್ಕು ಸೊನ್ನೆಯಾಗಿತ್ತು. ಮೊದಲನೆಯವರು ಬರೆದವರ ಹೆಸರು ನೋಡಿ ರುಜು ಹಾಕಿದರು. ಎರಡನೆಯವರು ಮೊದಲನೆಯವರ ರುಜು ನೋಡಿ ಹಾಕಿದರು. ನಾನು ಇಬ್ಬರದೂ ನೋಡಿ ಹಾಕಿದೆ. ಲೆಕ್ಕವನ್ನು ಮಾತ್ರ ಮೂವರಲ್ಲಿ ಒಬ್ಬರೂ ಮಾಡಿ ನೋಡಿರಲಿಲ್ಲ.

ಪರೀಕ್ಷೆಯ ನಂತರದ ಸಭೆಯಲ್ಲಿ ಆ ಪ್ರಶ್ನೆಯನ್ನು ಮುಟ್ಟಿದವರಿಗೆಲ್ಲ ನಾಲ್ಕು ಅಂಕ ಕೊಡುವುದೆಂದು ತೀರ್ಮಾನವಾಯಿತು. ಯಾರನ್ನೂ ಯಾರೂ ಪ್ರಶ್ನಿಸಲಿಲ್ಲ. ಒಂದೇ ರುಜು ಇದ್ದಿದ್ದರೆ ಆ ಒಬ್ಬರ ಗತಿ ಏನಾಗುತ್ತಿತ್ತೋ. ಮೂರಿದ್ದುದರಿಂದ ತಪ್ಪು ಯಾರದ್ದೂ ಆಗಲಿಲ್ಲ.

ಇಷ್ಟನ್ನು ಅವಳಿಗೆ ಹೇಳಿದೆ. "ನಮ್ಮಲ್ಲೂ ಇದೇ ಸಾರ್" ಎಂದು ಅವಳು ತನ್ನ ಕ್ಷೇತ್ರದ ಒಂದು ಪ್ರಸಿದ್ಧ ಪ್ರಕರಣ ಹೇಳಿದಳು. ಜಗತ್ತಿನ ಅಸಂಖ್ಯಾತ ಜಾಲತಾಣಗಳು ಗುಟ್ಟಿನ ಸಂವಹನಕ್ಕೆ ಬಳಸುವ ಓಪನ್ ಎಸ್‌ಎಸ್‌ಎಲ್ ಎಂಬ ತಂತ್ರಾಂಶಕ್ಕೆ 2011ರ ಡಿಸೆಂಬರ್ 31ರಂದು ಒಂದು ಹೊಸ ಸೌಲಭ್ಯ ಸೇರಿತು. ಆ ಬದಿಯ ಯಂತ್ರ ಈ ಬದಿಯ ಯಂತ್ರಕ್ಕೆ "ನೀನು ಎಚ್ಚರವಾಗಿದ್ದೀಯಾ? ಇದ್ದರೆ ಈ ಪದವನ್ನು ತಿರುಗಿ ಹೇಳು, ಇದರಲ್ಲಿ ಇಷ್ಟು ಅಕ್ಷರಗಳಿವೆ" ಎಂದು ಕೇಳುವ ಏರ್ಪಾಡು. ಕೇಳುವವನು ಒಂದು ಅಕ್ಷರ ಕೊಟ್ಟು ಅರುವತ್ತು ಸಾವಿರ ಅಕ್ಷರಗಳಿವೆಯೆಂದು ಸುಳ್ಳು ಹೇಳಿದರೆ? ಉತ್ತರಿಸುವ ಯಂತ್ರ ಎಣಿಸಿ ನೋಡದೆ, ತನ್ನ ಸ್ಮರಣೆಯಲ್ಲಿ ಅದರ ಪಕ್ಕದಲ್ಲಿದ್ದದ್ದನ್ನೆಲ್ಲ ಸೇರಿಸಿ ಕೊಟ್ಟುಬಿಡುತ್ತಿತ್ತು. ಪಕ್ಕದಲ್ಲಿ ಯಾರದೋ ಪಾಸ್‌ವರ್ಡ್ ಇದ್ದರೆ ಅದೂ ಹೋಯಿತು. ಒಬ್ಬರು ಬರೆದಿದ್ದರು, ಇನ್ನೊಬ್ಬ ಅನುಭವಿ ನೋಡಿ ಒಪ್ಪಿದ್ದರು. ಉದ್ದವನ್ನು ತಾಳೆ ನೋಡುವ ಸಾಲು ಇಲ್ಲವೆಂಬುದು ಇಬ್ಬರ ಕಣ್ಣಿಗೂ ಬೀಳಲಿಲ್ಲ. 2014ರ ಏಪ್ರಿಲ್‌ನಲ್ಲಿ ಅದು ಬಯಲಾಯಿತು. ಹಾರ್ಟ್‌ಬ್ಲೀಡ್ ಎಂದು ಹೆಸರಾಯಿತು. ನಡುವೆ ಎರಡು ವರ್ಷಕ್ಕೂ ಮಿಕ್ಕಿ ಕಾಲ ಸರಿದಿತ್ತು.

ನಾನು ಗಮನಿಸಿದ್ದೆಂದರೆ, ಅಲ್ಲಿದ್ದದ್ದು ಬರೆದ ತಪ್ಪಲ್ಲ, ಬರೆಯದೆ ಬಿಟ್ಟ ಸಾಲು. ಉತ್ತರಪತ್ರಿಕೆ ತಿದ್ದಿದವರಿಗೆಲ್ಲ ಗೊತ್ತು: ತಪ್ಪು ಹೆಜ್ಜೆ ಕಣ್ಣಿಗೆ ಚುಚ್ಚುತ್ತದೆ, ಬಿಟ್ಟುಹೋದ ಹೆಜ್ಜೆ ಜಾರಿಹೋಗುತ್ತದೆ. ಐ.ಬಿ.ಎಂ. ಸಂಸ್ಥೆಯ ಮೈಕೆಲ್ ಫೇಗನ್ ಎಂಬವರು 1976ರಲ್ಲಿಯೇ ಕೋಡ್ ಪರಿಶೀಲನೆಗೆ ಒಂದು ಕ್ರಮವನ್ನು ಪ್ರಕಟಿಸಿದ್ದರಂತೆ. ಕೆಲವರು ಒಂದು ಕೋಣೆಯಲ್ಲಿ ಕುಳಿತು, ಒಬ್ಬರು ಕೋಡನ್ನು ತಮ್ಮ ಮಾತಿನಲ್ಲಿ ವಿವರಿಸುತ್ತ ಹೋಗುವುದು, ಉಳಿದವರು ತಪ್ಪು ಹುಡುಕುವುದು, ಪರಿಹಾರವನ್ನು ಅಲ್ಲಿ ಚರ್ಚಿಸದಿರುವುದು. ಗಮಕದ ವಾಚನ, ವ್ಯಾಖ್ಯಾನ ಕೇಳಿದ ನಮ್ಮ ತಲೆಮಾರಿನವರಿಗೆ ಇದು ವಿಚಿತ್ರವೆನಿಸದು. ತನ್ನ ಮಾತಿನಲ್ಲಿ ಹೇಳಹೊರಟಾಗಲೇ ಅರ್ಥವಾಗಿಲ್ಲದ್ದು ಎಲ್ಲಿದೆಯೆಂದು ತಿಳಿಯುವುದು. ಈಗ ಆ ಕೋಣೆ ಹೋಗಿ ಪರದೆ ಬಂದಿದೆ. ಅನುಕೂಲ ನಿಜ. ಆದರೆ ಓದದೆಯೇ ಒತ್ತಬಹುದಾದ ಗುಂಡಿಯೂ ಅದರೊಡನೆ ಬಂದಿದೆ.

ಹಾಗಾದರೆ ಆರು ಜನರಲ್ಲಿ ಮಿಕ್ಕ ಮೂವರು ಏನು ಮಾಡುತ್ತಿದ್ದಾರೆ ಎಂದೆ. "ಉಳಿದವರು ನೋಡ್ತಾರೆ ಅಂದ್ಕೊಂಡಿದ್ದಾರೆ" ಎಂದಳು. ಸುಮ್ಮನೆ ತಿಳಿದಿರಲಿ ಎಂಬವರ ಹೆಸರನ್ನು ಪ್ರತಿ ಕಳುಹಿಸುವವರ ಸಾಲಿನಲ್ಲಿ ಹಾಕಬೇಕಂತೆ. ಅವರಿಂದ ಮತವನ್ನು ಯಾರೂ ನಿರೀಕ್ಷಿಸುವುದಿಲ್ಲ. ಪರಿಶೀಲಕರ ಸಾಲಿನಲ್ಲಿ ಒಬ್ಬರೋ ಇಬ್ಬರೋ ಇರಬೇಕು. ಆ ಭಾಗವನ್ನು ಬಲ್ಲವರು ಒಬ್ಬರು, ಅದನ್ನು ಮುಂದೆ ಬಳಸಬೇಕಾದವರು ಒಬ್ಬರು. 2020ರಲ್ಲಿ ಬಂದ ಆವೃತ್ತಿಯಿಂದ ಗೆರಿಟ್‌ನಲ್ಲಿ ಈಗ ಯಾರ ಸರದಿ ಎಂದು ಹೆಸರಿನ ಪಕ್ಕದಲ್ಲಿ ಒಂದು ಬಾಣದ ಗುರುತು ಕಾಣಿಸುತ್ತದೆ. ಆರು ಹೆಸರಿನ ಪಕ್ಕದಲ್ಲಿಯೂ ಬಾಣವಿದ್ದರೆ ಅದು ಬಾಣವಿಲ್ಲದಂತೆಯೇ ಎಂದು ಅವಳೇ ಒಪ್ಪಿಕೊಂಡಳು.

ಇಷ್ಟಾದ ಮೇಲೆ ಅವಳ ನಿಜವಾದ ಸಂಕಟ ಹೊರಗೆ ಬಂತು. −2 ಹಾಕಿದವರು ಅವಳಿಗಿಂತ ಹಿರಿಯ ಸಹೋದ್ಯೋಗಿ. ಹಾಕಿ, "ಈ ರೀತಿ ಬೇಡ" ಎಂದು ಒಂದೇ ಸಾಲು ಬರೆದು, ಮಗಳ ಮದುವೆಗೆಂದು ದೀರ್ಘ ರಜೆಯ ಮೇಲೆ ಹೋಗಿದ್ದರು. ಮೇಲಿನ ಅಧಿಕಾರಿ ಇವಳಿಗೆ ಫೋನಿನಲ್ಲಿ ಹೇಳಿದ್ದೇನೆಂದರೆ, ಅವರ ಹೆಸರನ್ನೇ ಪರಿಶೀಲಕರ ಪಟ್ಟಿಯಿಂದ ತೆಗೆದುಬಿಡು.

ಗೆರಿಟ್‌ನಲ್ಲಿ ಪರಿಶೀಲಕರನ್ನು ಪಟ್ಟಿಯಿಂದ ತೆಗೆದರೆ ಅವರು ಹಾಕಿದ ಮತವೂ ಅವರೊಡನೆ ಹೋಗುತ್ತದೆ. ಬರೆದವರು ತಾವಾಗಿ ತೆಗೆಯಬಹುದಾದದ್ದು ಸೊನ್ನೆ ಅಥವಾ ಅದಕ್ಕಿಂತ ಮೇಲಿನ ಮತ ಹಾಕಿದವರನ್ನು ಮಾತ್ರ. ತನ್ನನ್ನು ಟೀಕಿಸಿದವರನ್ನು ತಾನೇ ಹೊರದೂಡುವಂತಿಲ್ಲ. ಇದನ್ನು ಯೋಚಿಸಿದವರು ಲೋಕ ಬಲ್ಲವರು. ಆದರೆ ಯೋಜನೆಯ ಒಡೆತನದ ಅಧಿಕಾರವಿರುವವರು ಯಾರನ್ನು ಬೇಕಾದರೂ ತೆಗೆಯಬಹುದು. ಇವಳಿಗೆ ಆ ಅಧಿಕಾರವಿತ್ತು. ಇನ್ನೊಂದು ಅಡ್ಡದಾರಿಯೂ ಇದೆ: ಪ್ರತಿಯೊಂದು ತಿದ್ದುಪಡಿಗೂ ಒಂದು ಗುರುತಿನ ಸಂಖ್ಯೆಯಿರುತ್ತದೆ. ಅದನ್ನು ಬದಲಿಸಿ ಅದೇ ಬರಹವನ್ನು ಕಳುಹಿಸಿದರೆ ವ್ಯವಸ್ಥೆ ಅದನ್ನು ಹೊಸದೆಂದು ತಿಳಿಯುತ್ತದೆ, ಹಳೆಯ −2 ಹಳೆಯದರ ಮೇಲೆಯೇ ಉಳಿಯುತ್ತದೆ. ಒಂದು ಶಾಲೆಯಲ್ಲಿ ನಪಾಸಾದವನನ್ನು ಇನ್ನೊಂದು ಊರಿನಲ್ಲಿ ಹೊಸದಾಗಿ ದಾಖಲು ಮಾಡಿಸಿದ ಹಾಗೆ.

"ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲವೇ?" ಎಂದೆ.

"ಗೊತ್ತಾಗುತ್ತೆ ಸಾರ್. ಯಾರು ಯಾರನ್ನು ತೆಗೆದರು, ಯಾವ ಮತ ಹೋಯಿತು ಅಂತ ಕೆಳಗೆ ಬರೆದುಕೊಂಡಿರುತ್ತೆ. ಆದರೆ ಅಲ್ಲೀವರೆಗೂ ಯಾರು ಓದ್ತಾರೆ?" ಎಂದು, ಸ್ವಲ್ಪ ತಡೆದು, "ನೀವಾಗಿದ್ರೆ ಏನು ಮಾಡ್ತಿದ್ರಿ ಸಾರ್?" ಎಂದಳು.

ಮೇಷ್ಟರಿಗೆ ಇಂಥ ಪ್ರಶ್ನೆ ಕೇಳಿದರೆ ಉತ್ತರ ನಾಲಗೆಯ ತುದಿಯಲ್ಲಿರುತ್ತದೆ. ನನ್ನ ತುದಿಯಲ್ಲಿಯೂ ಇತ್ತು. ಹೇಳಲಾಗಲಿಲ್ಲ. ಏಕೆಂದರೆ ನಾನು ಅವಳಿಗೆ ಆ 40 ಮೀಟರಿನ ಕಥೆಯನ್ನು ಅರ್ಧ ಮಾತ್ರ ಹೇಳಿದ್ದೆ. ಉಳಿದರ್ಧವನ್ನು ಆ ದಿನದವರೆಗೆ ಯಾರಿಗೂ ಹೇಳಿರಲಿಲ್ಲ, ನಮ್ಮ ಮನೆಯವರಿಗೂ.

ಆ ವರ್ಷ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮಾತು ಕಡಿಮೆ, ಕೈಬರಹ ಕೆಟ್ಟದು, ಲೆಕ್ಕದಲ್ಲಿ ಬುದ್ಧಿವಂತ. ಆ ಪರೀಕ್ಷೆಯಲ್ಲಿ ಮುಕ್ಕಾಲು ಗಂಟೆಯನ್ನು ಆಯತದ ಲೆಕ್ಕಕ್ಕೇ ಕಳೆದು, ಕೊನೆಯ ಎರಡು ಪ್ರಮೇಯಗಳನ್ನು ಮುಟ್ಟದೆ ಬಂದಿದ್ದ. ಮರುದಿನ ಸಿಬ್ಬಂದಿ ಕೊಠಡಿಯ ಬಾಗಿಲಿನಲ್ಲಿ ನಿಂತು, "ಸಾರ್, ಆ ತೋಟದ ಲೆಕ್ಕ ಸರಿ ಇದೆಯಾ?" ಎಂದು ಕೇಳಿದ. ಸರಿಯಿಲ್ಲವೆಂದು ನನಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಕೊಠಡಿಯಲ್ಲಿ ಬೇರೆ ಅಧ್ಯಾಪಕರಿದ್ದರು. "ಮನೆಗೆ ಹೋಗಿ ಇನ್ನೊಂದು ಸಲ ಮಾಡಿ ನೋಡು" ಎಂದೆ.

ಅವನು ಮಾಡಿ ನೋಡಿದ. ಅದರ ಮರುದಿನ ಎರಡು ಹಾಳೆ ತಂದುಕೊಟ್ಟ. ಮೊದಲ ಹಾಳೆಯಲ್ಲಿ ಶೋಧಕವನ್ನು ಮೂರು ಸಲ ಕಂಡುಹಿಡಿದಿದ್ದ, ಮೂರು ಸಲವೂ −80. ಎರಡನೆಯ ಹಾಳೆಯಲ್ಲಿ ಒಂದು ಕೋಷ್ಟಕ. ಅಗಲ 1, ಉದ್ದ 19, ವಿಸ್ತೀರ್ಣ 19. ಅಗಲ 2, ಉದ್ದ 18, ವಿಸ್ತೀರ್ಣ 36. ಹೀಗೆಯೇ 9 ಮತ್ತು 11ಕ್ಕೆ 99, 10 ಮತ್ತು 10ಕ್ಕೆ 100, ಆಮೇಲೆ ಮತ್ತೆ 99. ಅಲ್ಲಿ ಗೆರೆ ಎಳೆದು, ಕೆಳಗೆ ತನ್ನ ಕೆಟ್ಟ ಅಕ್ಷರದಲ್ಲಿ "120 ಬರುವುದಿಲ್ಲ" ಎಂದು ಬರೆದಿದ್ದ. ಇದಕ್ಕಿಂತ ಸ್ಪಷ್ಟವಾದ, ಕಾರಣಸಹಿತವಾದ ನಿರಾಕರಣೆಯನ್ನು ನಾನು ನನ್ನ ವೃತ್ತಿಜೀವನದಲ್ಲಿ ಕಂಡಿಲ್ಲ. ಮೂರು ರುಜು ಹಾಕಿದ ಮೂವರು ಪದವೀಧರರು ಮಾಡದೆ ಬಿಟ್ಟ ಕೆಲಸವನ್ನು ಹದಿನೈದು ವರ್ಷದ ಹುಡುಗ ಮಾಡಿ ತಂದಿದ್ದ.

ನಾನು ಆ ಹಾಳೆಗಳನ್ನು ಮಡಿಸಿ ಪುಸ್ತಕದೊಳಗೆ ಇಟ್ಟುಕೊಂಡು, "ಆಯ್ತು ಬಿಡು, ಎಲ್ಲರಿಗೂ ಅಂಕ ಕೊಡ್ತೀವಿ" ಎಂದೆ. ಅವನು ಕೇಳಿದ್ದು ಅಂಕವನ್ನಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಹೋದ. ಏಪ್ರಿಲ್‌ನ ಪರೀಕ್ಷೆಯಲ್ಲಿ ಅವನಿಗೆ ಗಣಿತದಲ್ಲಿ ನಾನು ನಿರೀಕ್ಷಿಸಿದಷ್ಟು ಅಂಕ ಬರಲಿಲ್ಲ. ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಳ್ಳಲಿಲ್ಲವೆಂದು ಕೇಳಿದೆ. ಅದಕ್ಕೂ ಆ ತೋಟಕ್ಕೂ ಸಂಬಂಧವಿದೆಯೆಂದು ಹೇಳಲಾರೆ, ಇಲ್ಲವೆಂದೂ ಹೇಳಲಾರೆ.

ಇದನ್ನು ಕೇಳಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆದರೆ ಸಾರ್, ಆ ಹುಡುಗ ಕಾರಣ ಬರೆದಿದ್ದ. ನಮ್ಮ ಹಿರಿಯರು ಬರೆದಿಲ್ಲ" ಎಂದಳು. ಅದು ನ್ಯಾಯವಾದ ಮಾತು. ಪುಟಕ್ಕೆ ಅಡ್ಡಲಾಗಿ ಕೆಂಪು ಗೆರೆ ಎಳೆದು, ತಪ್ಪು ಎಲ್ಲಿದೆಯೆಂದು ತೋರಿಸದೆ ಪುಸ್ತಕ ಎಸೆಯುವ ಮೇಷ್ಟರನ್ನೂ ನಾನು ನೋಡಿದ್ದೇನೆ. ಹಾಗೆ −2 ಹಾಕಿ ರಜೆಯ ಮೇಲೆ ಹೋಗುವುದು ಅದೇ ಜಾತಿಗೆ ಸೇರಿದ್ದು. ತಡೆಯುವ ಅಧಿಕಾರವಿದ್ದವರಿಗೆ ದಾರಿ ತೋರಿಸುವ ಹೊಣೆಯೂ ಇರಬೇಕು. ಈ ವಿಷಯದಲ್ಲಿ ಅವಳ ಸಿಟ್ಟು ನನ್ನ ಸಿಟ್ಟೂ ಹೌದು. ಆದರೂ ಕಾರಣ ಬರೆದಿಲ್ಲವೆಂದರೆ ಕಾರಣವಿಲ್ಲವೆಂದು ಅರ್ಥವಲ್ಲವಲ್ಲ. "ಕೇಳಿ ನೋಡಿದೆಯಾ?" ಎಂದೆ. ಮದುವೆ ಮನೆಯಲ್ಲಿರುವವರಿಗೆ ಏನು ತೊಂದರೆ ಕೊಡುವುದೆಂದು ಕೇಳಿರಲಿಲ್ಲ.

ಆ ಸಂಜೆ ಅವಳು ಎರಡು ಕೆಲಸ ಮಾಡಿದಳು. ಹೆಸರನ್ನು ತೆಗೆಯುವ ಬದಲು ಅವರಿಗೆ ಒಂದು ಸಂದೇಶ ಕಳುಹಿಸಿದಳು: ಮದುವೆಗೆ ಶುಭಾಶಯ, ಬಿಡುವಾದಾಗ ಯಾವ ಭಾಗ ಬೇಡವೆಂದು ಒಂದು ಮಾತು ತಿಳಿಸಿ. ಎರಡನೆಯದಾಗಿ, ಏಳೆಂಟು ನೂರು ಸಾಲುಗಳಿದ್ದ ಆ ಒಂದೇ ತಿದ್ದುಪಡಿಯನ್ನು ಮೂರಾಗಿ ಒಡೆದಳು. ಒಂದೊಂದಕ್ಕೂ ಇಬ್ಬರೇ ಪರಿಶೀಲಕರು, ಅವುಗಳಲ್ಲಿ ಒಂದು ಹೆಸರು ಪ್ರತಿಯೊಂದರಲ್ಲಿಯೂ ಆ ಹಿರಿಯರದ್ದೇ. ಉಳಿದವರನ್ನು ಪ್ರತಿ ಕಳುಹಿಸುವವರ ಸಾಲಿಗೆ ಸರಿಸಿದಳು. ಕತ್ತಲಾಗಿ, ಕರೆಂಟು ಬಂದಿತೆಂದು ತಾಯಿ ಹೇಳಿಕಳುಹಿಸಿದ ಮೇಲೆಯೂ ಒಂದು ಗಂಟೆ ಕುಳಿತಿದ್ದಳು.

ದೀಪಾವಳಿಯ ಹೊತ್ತಿಗೆ ಫೋನು ಮಾಡಿದಾಗ ಉಳಿದದ್ದು ತಿಳಿಯಿತು. ಅವರು ನಾಲ್ಕನೆಯ ದಿನ ಉತ್ತರಿಸಿದರಂತೆ. ಮೊದಲೆರಡು ಭಾಗಗಳ ಬಗ್ಗೆ ಅವರಿಗಿದ್ದದ್ದು ಬರೀ ಶೈಲಿಯ ತಕರಾರು, ಗೊಣಗಿಕೊಂಡೇ ಒಪ್ಪಿದರು. ಮೂರನೆಯದಕ್ಕೆ ಮತ್ತೆ −2 ಹಾಕಿದರು, ಈ ಸಲ ಕಾರಣ ಬರೆದು. ಆ ಭಾಗ ಹಣ ಪಾವತಿಗೆ ಸಂಬಂಧಪಟ್ಟದ್ದು. ಬ್ಯಾಂಕಿನಿಂದ ಉತ್ತರ ಬಾರದಿದ್ದರೆ ಮತ್ತೊಮ್ಮೆ ಪ್ರಯತ್ನಿಸುವಂತೆ ಬರೆದಿದ್ದಳು. ಉತ್ತರ ಬಾರದೆ ಇರುವುದು ಬೇರೆ, ತಡವಾಗಿ ಬರುವುದು ಬೇರೆ. ತಡವಾದರೆ ಒಬ್ಬನೇ ಗ್ರಾಹಕನ ಖಾತೆಯಿಂದ ಎರಡು ಸಲ ಹಣ ಕಡಿತವಾಗುತ್ತಿತ್ತು. +1 ಹಾಕಿದ ಇಬ್ಬರೂ ಅದನ್ನು ಕಂಡಿರಲಿಲ್ಲ. ಯಂತ್ರದ ಪರೀಕ್ಷೆಯೂ ಕಂಡಿರಲಿಲ್ಲ, ಏಕೆಂದರೆ ಪರೀಕ್ಷೆಗೆಂದು ಮಾಡಿಟ್ಟ ಸುಳ್ಳು ಬ್ಯಾಂಕು ಯಾವಾಗಲೂ ತಕ್ಷಣ ಉತ್ತರ ಕೊಡುತ್ತಿತ್ತು.

"ಇದನ್ನು ಅವರು ಮೊದಲ ದಿನವೇ ಬರೆದಿದ್ರೆ ಹತ್ತೊಂಬತ್ತು ದಿನ ಉಳೀತಿತ್ತು ಸಾರ್" ಎಂದು ಅವಳು ಫೋನಿನಲ್ಲಿಯೂ ಸಿಟ್ಟುಮಾಡಿಕೊಂಡಳು. ಮೇಲಿನ ಅಧಿಕಾರಿಯಿಂದ ತಡವಾದದ್ದಕ್ಕೆ ಮಾತು ಕೇಳಬೇಕಾದದ್ದೂ ಅವಳೇ. ಮೂರನೆಯ ಭಾಗವನ್ನು ಕೈಬಿಟ್ಟು ಹೊಸದಾಗಿ ಬರೆಯುತ್ತಿರುವುದಾಗಿ ಹೇಳಿದಳು. ಕೊನೆಯಲ್ಲಿ, "ಆ ಹುಡುಗ ಈಗ ಎಲ್ಲಿದ್ದಾನೆ ಸಾರ್?" ಎಂದು ಕೇಳಿದಳು.

ನನಗೆ ಗೊತ್ತಿಲ್ಲ. 1997ರ ತಂಡದವರಲ್ಲಿ ಹಲವರು ಈ ಪುಟಗಳನ್ನು ಓದುತ್ತೀರಿ, ಮದುವೆ ಮುಂಜಿಗಳಲ್ಲಿ ಸಿಕ್ಕಿದಾಗ ಹೇಳುತ್ತೀರಿ. ನಿಮ್ಮಲ್ಲಿ ಯಾರಿಗಾದರೂ ಅವನ ಸಂಪರ್ಕವಿದ್ದರೆ ಇದನ್ನು ಅವನಿಗೆ ತೋರಿಸಿ. ಎರಡು ಹಾಳೆಗಳು ನನ್ನ ಹಳೆಯ ಬೀಜಗಣಿತದ ಪುಸ್ತಕದೊಳಗೆ ಇನ್ನೂ ಇವೆ; ಬೇಕೆಂದರೆ ಬಂದು ತೆಗೆದುಕೊಂಡು ಹೋಗಲಿ. ಆ ಲೆಕ್ಕ ತಪ್ಪಾಗಿತ್ತಪ್ಪ. ನೀನು ಮಾಡಿದ್ದು ಸರಿಯಾಗಿತ್ತು. ಕೆಳಗಿದ್ದ ಮೂರನೆಯ ರುಜು ನನ್ನದು.